ಬೆಟ್ಟದ ತುದಿಯ ಪಾರ್ಕ್ ಮುಚ್ಚಿದ ಮೇಲೆ ಏನಾಗುತ್ತೆ? ಮ್ಯಾಗಿ ವ್ಯಾಲಿಯ ಕತೆ, ಚಾಮುಂಡಿ ಬೆಟ್ಟದ ಪ್ರಶ್ನೆ

ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಹಾಕಬೇಕು ಅನ್ನೋ ಮಾತು ಮೈಸೂರಿಗೆ ಹೊಸದಲ್ಲ. ಸರ್ಕಾರ ಯಾವುದೇ ಇರಲಿ, ಆ ಫೈಲು ಯಾವುದಾದರೂ ಟೇಬಲ್ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತೆ. 2022ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿ ಅದನ್ನು ಬಜೆಟ್ಟಿಗೇ ಸೇರಿಸಿದರು. ಪರಿಸರದ ಕೆಲಸ ಮಾಡೋರು, ಇತಿಹಾಸ ಬಲ್ಲವರು, ದಿನಾ ಮೆಟ್ಟಿಲು ಹತ್ತೋ ಮಾಮೂಲಿ ಜನ ಸಹಿ ಸಂಗ್ರಹಕ್ಕೆ ಇಳಿದರು. ಅದೇ ಜುಲೈನಲ್ಲಿ ಯೋಜನೆ ಕೈಬಿಟ್ಟೆವು ಅಂತ ಸರ್ಕಾರ ಹೇಳಿತು.

ಆ ಚರ್ಚೆಯಲ್ಲಿ ಎಲ್ಲರೂ ಮಾತಾಡಿದ್ದು ಕಟ್ಟೋದರ ಬಗ್ಗೆ: ಎಷ್ಟು ಪ್ರವಾಸಿಗರು ಬರ್ತಾರೆ, ಎಷ್ಟು ಕೋಟಿ ಬೇಕು. ಕಟ್ಟಿದ್ದು ನಿಂತುಹೋದರೆ ಏನು ಗತಿ ಅಂತ ಕೇಳಿದವರನ್ನು ನಾನು ಹೆಚ್ಚು ಕಾಣಲಿಲ್ಲ. ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಒಂದು ಪುಟ್ಟ ಊರನ್ನು ನೋಡಬೇಕು.

ಆಕಾಶದಲ್ಲೊಂದು ಪಾಳೂರು

ಊರಿನ ಹೆಸರು ಮ್ಯಾಗಿ ವ್ಯಾಲಿ. 1961ರಲ್ಲಿ ಆರ್.ಬಿ. ಕೋಬರ್ನ್ ಅನ್ನೋ ಉದ್ಯಮಿ ಇಲ್ಲಿನ ಬೆಟ್ಟದ ತಲೆಯನ್ನು ಬುಲ್ಡೋಜರಿನಿಂದ ಸಮ ಮಾಡಿಸಿ, ಮೇಲೆ ಕೌಬಾಯ್ ಸಿನಿಮಾಗಳಲ್ಲಿ ಬರೋಂಥ ಒಂದು ಪೇಟೆಯನ್ನೇ ಕಟ್ಟಿದ. ಸಮುದ್ರಮಟ್ಟದಿಂದ ಸುಮಾರು 4,600 ಅಡಿ ಎತ್ತರ. (ನಮ್ಮ ಚಾಮುಂಡಿ ಬೆಟ್ಟ ಸುಮಾರು 3,490 ಅಡಿ.) ಪಾರ್ಕಿಗೆ ಇಟ್ಟ ಹೆಸರು 'ಘೋಸ್ಟ್ ಟೌನ್ ಇನ್ ದಿ ಸ್ಕೈ'. ಜನ ಬಿಟ್ಟುಹೋದ ಪಾಳು ಊರಿಗೆ ಅಲ್ಲಿ ಘೋಸ್ಟ್ ಟೌನ್ ಅಂತಾರೆ. ಮುಂದೆ ಅದು ನಿಜವಾಗುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು!

ಜನ ಮೇಲೆ ಹೋಗ್ತಿದ್ದದ್ದು ಕುರ್ಚಿ ಸಾಲಿನ ಲಿಫ್ಟಿನಲ್ಲಿ ಮತ್ತು ಇಳಿಜಾರಿನ ರೈಲಿನಲ್ಲಿ. ಮೇಲೆ ಬೀದಿಯಲ್ಲಿ ಹೊತ್ತುಹೊತ್ತಿಗೆ ಸುಳ್ಳು ಗುಂಡಿನ ಕಾಳಗ, ಸಲೂನಿನಲ್ಲಿ ಡ್ಯಾನ್ಸು. ಕೆಳಗಿನ ಊರಿನ ಮೋಟೆಲ್ಲು, ಹೋಟೆಲ್ಲು, ಅಂಗಡಿಗಳೆಲ್ಲ ಇದರ ಮೇಲೇ ಬದುಕಿದವು. ನಲವತ್ತು ವರ್ಷ ಪಾರ್ಕ್ ನಡೆಯಿತು, ಅದೇನು ಕಮ್ಮಿ ಅಲ್ಲ. ಕೋಬರ್ನ್ 1970ರ ದಶಕದಲ್ಲಿ ಮಾರಿ, 1986ರಲ್ಲಿ ಮತ್ತೆ ಕೊಂಡುಕೊಂಡ. 1988ರಲ್ಲಿ ಬೆಟ್ಟದ ಅಂಚಿಗೇ ರೋಲರ್ ಕೋಸ್ಟರ್ ಬಂತು.

ಆದರೆ ಬೆಟ್ಟದ ಮೇಲಿನ ಯಂತ್ರ ಹಳೆಯದಾದರೆ ರಿಪೇರಿಯ ಖರ್ಚು ಬಯಲಿನಲ್ಲಿ ಇದ್ದಂತಿರೋದಿಲ್ಲ. ಪ್ರತಿ ಬೋಲ್ಟೂ ಮೇಲೆ ಹೋಗಬೇಕು, ಪ್ರತಿ ಮಳೆಗಾಲಕ್ಕೂ ಮಣ್ಣು ಕೆಳಗೆ ಬರುತ್ತೆ. 2002ರ ಜುಲೈನಲ್ಲಿ ಲಿಫ್ಟ್ ಕೆಟ್ಟು ಜನ ಎರಡು ಗಂಟೆಗೂ ಹೆಚ್ಚು ಹೊತ್ತು ಗಾಳಿಯಲ್ಲೇ ನೇತಾಡಿದರು. ಕೆಲವೇ ದಿನಗಳಲ್ಲಿ ಪಾರ್ಕ್ ಮುಚ್ಚಿತು. 2007ರಲ್ಲಿ ಹೊಸ ಹೂಡಿಕೆದಾರರು ಬಾಗಿಲು ತೆರೆದರು, 2009ರಲ್ಲಿ ದಿವಾಳಿ ಅರ್ಜಿ ಹಾಕಿದರು.

ನನಗೆ ಮುಖ್ಯ ಅನ್ನಿಸೋದು ಇದರ ಮುಂದಿನ ಭಾಗ. 2010ರ ಫೆಬ್ರವರಿ 5ರಂದು, ಪಾರ್ಕಿಗಾಗಿ ಕಟ್ಟಿದ್ದ ತಡೆಗೋಡೆಗಳು ಕುಸಿದು ಬೆಟ್ಟದ ಒಂದು ಪಾರ್ಶ್ವವೇ ಜಾರಿತು. ಮಣ್ಣು, ಮರ, ಬಂಡೆ ಇಳಿಜಾರಿನುದ್ದಕ್ಕೂ ಹರಿದು ಕೆಳಗಿದ್ದ ಮನೆಗಳಿಗೆ ನುಗ್ಗಿತು, ಜನ ಮನೆ ಖಾಲಿ ಮಾಡಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಟಿಕೆಟ್ ಮಾರಿ ಲಾಭ ತಿಂದವರು ಬೇರೆ, ಮನೆಯೊಳಗೆ ಕೆಸರು ತುಂಬಿಸಿಕೊಂಡವರು ಬೇರೆ. ಬಯಲಿನ ಪಾರ್ಕ್ ಮುಚ್ಚಿದರೆ ಕಳೆ ಬೆಳೆಯುತ್ತೆ, ಅಷ್ಟೇ. ಬೆಟ್ಟದ ಮೇಲಿನದು ಮುಚ್ಚಿದರೆ ಕೊರೆದ ಮಣ್ಣನ್ನು ಹಿಡಿದಿಡೋ ಕೆಲಸ ಮಾತ್ರ ಮುಗಿಯೋದೇ ಇಲ್ಲ, ಮಾಡೋರು ಇರಲಿ ಇಲ್ಲದಿರಲಿ.

2012ರಲ್ಲಿ ಆ ಊರಿನ ಹಿರಿಯ ಉದ್ಯಮಿ ಅಲಾಸ್ಕಾ ಪ್ರೆಸ್ಲಿ 25 ಲಕ್ಷ ಡಾಲರಿಗೆ ಪಾರ್ಕ್ ಕೊಂಡರು. ಆಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. ಅಲ್ಪಸ್ವಲ್ಪ ಜೀವ ಬಂತಾದರೂ ಹಳೇ ವೈಭವ ಮರಳಲಿಲ್ಲ. 2022ರಲ್ಲಿ ಅವರು ತೀರಿಕೊಂಡರು.

ಇತ್ತ ನಮ್ಮ ಬೆಟ್ಟ

ಅಮೆರಿಕದ ಕತೆ ನಮಗ್ಯಾಕೆ ಅನ್ನೋರಿಗೆ ಹತ್ತಿರದ್ದೇ ಹೇಳ್ತೀನಿ. ಬೊಮ್ಮಾಯಿ ಬಜೆಟ್ ಓದಿ ತಿಂಗಳು ಕಳೆದಿತ್ತಷ್ಟೇ, 2022ರ ಏಪ್ರಿಲ್ 10ರಂದು ಜಾರ್ಖಂಡಿನ ದೇವಘರ್‌ನ ತ್ರಿಕೂಟ ಬೆಟ್ಟದಲ್ಲಿ ರೋಪ್‌ವೇ ಅವಘಡವಾಯಿತು. ಅದೂ ಯಾತ್ರಾಸ್ಥಳವೇ. ಜನ ಕ್ಯಾಬಿನ್ನುಗಳಲ್ಲಿ ರಾತ್ರಿಯಿಡೀ ಸಿಕ್ಕಿಕೊಂಡಿದ್ದರು, ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು, ಜೀವಗಳು ಹೋದವು.

ಅದಕ್ಕೂ ಮೊದಲು, 2021ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ, ಮಳೆಗೆ ಚಾಮುಂಡಿ ಬೆಟ್ಟದ ನಂದಿ ರಸ್ತೆ ಮತ್ತೆ ಮತ್ತೆ ಕುಸಿದಿತ್ತು. ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ, ಅಂದರೆ 1659ರಿಂದ 1673ರ ನಡುವೆ, ಕಡೆದ ಏಕಶಿಲಾ ನಂದಿ ಮೂರೂವರೆ ಶತಮಾನದಿಂದ ಅಲ್ಲೇ ಕೂತಿದೆ. ಅದರ ಹತ್ತಿರಕ್ಕೆ ಕಾರು ಹೋಗಲಿ ಅಂತ ಮಾಡಿದ ರಸ್ತೆ ಮಾತ್ರ ಬಾಯಿ ಬಿಟ್ಟಿತು.

ಪಾಳು ಬೀಳೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಬೆಟ್ಟದ ಮೇಲೆ ಎದ್ದ ರಾಜೇಂದ್ರ ವಿಲಾಸ ಆಮೇಲೆ ಹೋಟೆಲ್ ಆಯಿತು, ಆ ಹೋಟೆಲ್ಲೂ ಮುಚ್ಚಿತು. ನೋಟ ಎಷ್ಟೇ ಚೆನ್ನಾಗಿದ್ದರೂ ಬೆಟ್ಟದ ಮೇಲೆ ವ್ಯವಹಾರ ನಡೆಸೋದು ಕಷ್ಟ ಅನ್ನೋದಕ್ಕೆ ಇಷ್ಟು ಸಾಲದಾ?

ವಯಸ್ಸಾದವರು, ಅಂಗವಿಕಲರು ದೇವಿ ದರ್ಶನ ಮಾಡೋದು ಬೇಡವಾ ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ದೇವಸ್ಥಾನದ ಹತ್ತಿರದವರೆಗೂ ರಸ್ತೆ ಇದೆ, ಸಿಟಿ ಬಸ್ಸಿದೆ. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನ ಕೆಳಗೇ ನಿಲ್ಲಿಸಿ ಬಸ್ಸಲ್ಲಿ ಜನರನ್ನು ಕರೆದೊಯ್ಯೋ ಪದ್ಧತಿಯನ್ನು ಜಿಲ್ಲಾಡಳಿತವೇ ಮಾಡಿ ತೋರಿಸಿದೆ. ಅದನ್ನು ವರ್ಷಪೂರ್ತಿ ಮಾಡೋಕೆ ಹೊಸ ಕಂಬ ನೆಡಬೇಕಿಲ್ಲ, ಬಸ್ಸು ಹೆಚ್ಚಿಸಿದರೆ ಸಾಕು. ಉದ್ಘಾಟನೆಗೆ ಕತ್ತರಿಸೋ ಟೇಪು ದೊಡ್ಡದಿರಲ್ಲ, ಅದೇ ತೊಂದರೆ ಇರಬೇಕು.

ರೋಪ್‌ವೇ ಹೋಯಿತು, ಬೇರೆ ಯೋಜನೆಗಳು ಬಂದವು. ಕೇಂದ್ರದ ಪ್ರಸಾದ್ ಯೋಜನೆಯಲ್ಲಿ ಬೆಟ್ಟಕ್ಕೆ 45 ಕೋಟಿಗೂ ಹೆಚ್ಚು ಮಂಜೂರಾಗಿದೆ, ಬೆಟ್ಟದ ಮೇಲೆ ಕಾಂಕ್ರೀಟು ಹೆಚ್ಚುತ್ತೆ ಅಂತ ಅದಕ್ಕೂ ವಿರೋಧ ಎದ್ದಿದೆ. ರಾಜ್ಯ ಸರ್ಕಾರ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರಕ್ಕೆ ಕಾನೂನು ಮಾಡಿತು, ಪ್ರಮೋದಾದೇವಿ ಒಡೆಯರ್ ಹೈಕೋರ್ಟಿಗೆ ಹೋದರು, 2024ರ ಜುಲೈನಲ್ಲಿ ಮಧ್ಯಂತರ ತಡೆ ಸಿಕ್ಕಿತು. ಜಗಳ ಹೆಚ್ಚಾಗಿ ಬೆಟ್ಟ ಯಾರದ್ದು ಅನ್ನೋದರ ಸುತ್ತಲೇ ನಡೀತಿದೆ.

ಇನ್ನೊಂದು ಯೋಜನೆಯ ಸುದ್ದಿ ಬಂದಾಗ ಆರ್‌ಟಿಐ ಹಾಕೋರಿದ್ದರೆ ಡಿಪಿಆರ್ ಒಂದನ್ನೇ ಕೇಳಬೇಡಿ. ಇಳಿಜಾರಿನ ಮಣ್ಣಿನ ಪರೀಕ್ಷೆಯ ವರದಿ ಕೇಳಿ, ತಡೆಗೋಡೆಗಳ ನಿರ್ವಹಣೆಗೆ ಎಷ್ಟು ವರ್ಷದ ಹಣ ಎತ್ತಿಟ್ಟಿದ್ದಾರೆ ಕೇಳಿ, ಗುತ್ತಿಗೆದಾರ ನಡುವೆ ಬಿಟ್ಟುಹೋದರೆ ಕಟ್ಟಿದ್ದನ್ನು ಕೆಳಗಿಳಿಸೋರು ಯಾರು ಅಂತಲೂ ಕೇಳಿ.