ಟಾಕೀಸ್ ಬಾಗಿಲಿನಿಂದ ಪಿನ್ ನಂಬರಿನವರೆಗೆ: ಮಕ್ಕಳು ನೋಡುವ ಸಿನಿಮಾಕ್ಕೆ ಬೇಲಿ ಹಾಕಿದ ಕಥೆ

ಸಿನಿಮಾ ಶುರುವಾಗುವ ಮೊದಲು ಒಂದು ಪ್ರಮಾಣಪತ್ರ ಕೆಲವು ಸೆಕೆಂಡು ಪರದೆ ಮೇಲೆ ಬಂದು ಹೋಗುತ್ತದೆ. ಅದನ್ನು ಓದುವವರು ಕಡಿಮೆ. ಆದರೆ ಮಕ್ಕಳು ಏನು ನೋಡಬಹುದು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಯ ನೂರು ವರ್ಷದ ಇತಿಹಾಸ ಆ ಹಾಳೆಯ ಹಿಂದಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಮನೆಗಳಿಗೂ ಈಗ ಸಿನಿಮಾ ಮೊಬೈಲಿನಲ್ಲೇ ಬರುತ್ತಿದೆ. ಹಾಗಾಗಿ ಆ ತೀರ್ಮಾನ ಈಗ ನಮ್ಮ ನಿಮ್ಮ ಕೈಗೇ ಬಂದಿದೆ. ಅದು ಇಲ್ಲಿಯವರೆಗೆ ಹೇಗೆ ಬಂತು ಎಂದು ನೋಡೋಣ.

ಮೊದಲ ಕತ್ತರಿ

1918ರಲ್ಲಿ ಬ್ರಿಟಿಷ್ ಸರ್ಕಾರ ಸಿನಿಮಾಟೋಗ್ರಾಫ್ ಕಾಯ್ದೆ ತಂದಿತು. 1920ರಲ್ಲಿ ಮುಂಬೈ, ಕಲ್ಕತ್ತಾ, ಮದ್ರಾಸ್, ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳು ಶುರುವಾದವು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆಗಿನ ಸರ್ಕಾರಕ್ಕೆ ಮಕ್ಕಳ ಚಿಂತೆಗಿಂತ ತನ್ನ ಚಿಂತೆ ದೊಡ್ಡದಾಗಿತ್ತು. 1921ರ 'ಭಕ್ತ ವಿದುರ' ಮೂಕಿ ಚಿತ್ರದಲ್ಲಿ ವಿದುರನ ವೇಷ ಗಾಂಧೀಜಿಯನ್ನು ಹೋಲುತ್ತಿತ್ತು. ಮದ್ರಾಸಿನಲ್ಲಿ ಆ ಚಿತ್ರವನ್ನೇ ನಿಷೇಧಿಸಿದರು.

ವಯಸ್ಸಿನ ಲೆಕ್ಕ ಬಂದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಎಲ್ಲರಿಗೂ 'ಯು', ದೊಡ್ಡವರಿಗೆ ಮಾತ್ರ 'ಎ' ಎಂದು ಎರಡು ವರ್ಗ ಮಾಡಿದರು. 1952ರಲ್ಲಿ ಹೊಸ ಕಾಯ್ದೆ ಬಂತು. 1983ರಲ್ಲಿ ತಂದೆ ತಾಯಿಯ ಜತೆ ನೋಡಬಹುದಾದ 'ಯು/ಎ' ಸೇರಿತು. ಅದೇ ವರ್ಷ 'ಸೆನ್ಸಾರ್ ಮಂಡಳಿ' ಎಂಬ ಹೆಸರನ್ನು 'ಪ್ರಮಾಣೀಕರಣ ಮಂಡಳಿ' ಎಂದು ಬದಲಿಸಿದರು. ಪ್ರಮಾಣಪತ್ರದ ಹಿಂದಿ ಅಕ್ಷರದಲ್ಲಿ ಒಂದು ಗೊಂದಲ ಇದೆ. ಅಲ್ಲಿ 'ಅ' ಎಂದರೆ ಅನಿರ್ಬಂಧಿತ, ಅಂದರೆ ಎಲ್ಲರಿಗೂ. ಇಂಗ್ಲಿಷಿನ 'ಎ'ಗೆ ಪೂರಾ ಉಲ್ಟಾ. ದೊಡ್ಡವರಿಗೆ ಮಾತ್ರ ಎನ್ನಲು ಅಲ್ಲಿ 'ವ' ಇರುತ್ತದೆ, ವಯಸ್ಕ ಎಂದು.

ಈ ಸಿನಿಮಾ ಮೊದಲೇ ಪರೀಕ್ಷಿಸುವುದು ಸರಿಯೇ ಎಂದು ನಿರ್ದೇಶಕ ಕೆ.ಎ. ಅಬ್ಬಾಸ್ ಸುಪ್ರೀಂ ಕೋರ್ಟಿನವರೆಗೆ ಹೋದರು. 1970ರಲ್ಲಿ ಕೋರ್ಟು ಸರಿ ಎಂದಿತು.

ಬಾಗಿಲೇ ಮಾಯವಾಯಿತು

ಈ ವ್ಯವಸ್ಥೆ ನಿಂತಿದ್ದು ಟಾಕೀಸಿನ ಬಾಗಿಲ ಮೇಲೆ. 'ಎ' ಸಿನಿಮಾಕ್ಕೆ ಹುಡುಗರು ಬಂದರೆ ಗೇಟಿನವನು ತಡೆಯಬೇಕು, ಅಷ್ಟೇ. 1980ರ ದಶಕದಲ್ಲಿ ವಿಸಿಆರ್ ಬಂತು. ನಿಮ್ಮಲ್ಲಿ ಐವತ್ತರ ಆಸುಪಾಸಿನವರಿಗೆ ನೆನಪಿರಬಹುದು: ಟಿವಿ, ವಿಸಿಆರ್ ಬಾಡಿಗೆಗೆ ತಂದು ಅಂಗಳದಲ್ಲಿಟ್ಟು, ಬೆಳಗಾಗುವ ತನಕ ಒಂದಾದ ಮೇಲೊಂದು ಕ್ಯಾಸೆಟ್ ಹಾಕುತ್ತಿದ್ದ ಕಾಲ. ಅಂಗಳಕ್ಕೆ ಗೇಟಿನವನಿಲ್ಲ. ಬೇಡದ ದೃಶ್ಯ ಬಂದರೆ ಹಿರಿಯರು ಕೆಮ್ಮುತ್ತಿದ್ದರು, ಇಲ್ಲವೇ 'ಹೋಗು, ಒಳಗಿಂದ ನೀರು ತಗೊಂಬಾ' ಎನ್ನುತ್ತಿದ್ದರು. ಫಾರ್ವರ್ಡ್ ಬಟನ್ ಒತ್ತುವ ಕೈಯೇ ಆಗಿನ ಫಿಲ್ಟರ್.

1990ರ ದಶಕದಲ್ಲಿ ಕೇಬಲ್ ಬಂದಾಗ ಆ ಬಟನ್ನೂ ಹೋಯಿತು. 1995ರಲ್ಲಿ ಕೇಬಲ್ ಟಿವಿ ಕಾಯ್ದೆ ಮಾಡಿದರು. ಮುಂದೆ ಬಾಂಬೆ ಹೈಕೋರ್ಟಿನಲ್ಲಿ ಒಂದು ಮೊಕದ್ದಮೆ ನಡೆದು, ಟಿವಿಯಲ್ಲಿ 'ಯು' ಮತ್ತು 'ಯು/ಎ' ಸಿನಿಮಾ ಮಾತ್ರ ತೋರಿಸಬೇಕು ಎಂಬ ಆದೇಶ ಬಂತು. ದೃಶ್ಯ ಕತ್ತರಿಸಿ, ಬೈಗುಳ ಬರುವ ಕಡೆ 'ಬೀಪ್' ಹಾಕಿದ ಟಿವಿ ಸಿನಿಮಾಗಳು ನಮಗೆಲ್ಲ ಗೊತ್ತು.

ಅಮೆರಿಕದಲ್ಲಿ ಹುಟ್ಟಿದ ಫಿಲ್ಟರ್

ಈ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದು ಅಮೆರಿಕ. 1996ರ ಕಾಯ್ದೆಯಂತೆ ಅಲ್ಲಿನ ಟಿವಿಗಳಿಗೆ 'ವಿ-ಚಿಪ್' ಎಂಬ ಬಿಲ್ಲೆ ಕಡ್ಡಾಯವಾಯಿತು. ಕಾರ್ಯಕ್ರಮದ ಜತೆ ಬರುವ ದರ್ಜೆಯ ಗುರುತನ್ನು ಓದಿ, ಪೋಷಕರು ಬೇಡ ಎಂದದ್ದನ್ನು ಅದು ತಡೆಯುತ್ತದೆ. ಅಲ್ಲಿನ ಕೆಲವು ಅಂಗಡಿಗಳು ಸಿನಿಮಾವನ್ನೇ ಕತ್ತರಿಸಿ ಹೊಸ ಪ್ರತಿ ಮಾಡಿ ಕೊಡತೊಡಗಿದವು. 2006ರಲ್ಲಿ ಕೋರ್ಟು ಇದನ್ನು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದಿತು.

'ಕ್ಲಿಯರ್‌ಪ್ಲೇ' ಎಂಬ ಕಂಪನಿಯ ಉಪಾಯ ಬೇರೆ. ಅದು ಸಿನಿಮಾ ಮುಟ್ಟುವುದಿಲ್ಲ. ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಮನುಷ್ಯರೇ ನೋಡಿ ಬರೆಯುತ್ತಾರೆ. ಪ್ಲೇಯರ್ ಆ ಪಟ್ಟಿ ನೋಡಿ ಅಲ್ಲಿ ಹಾರಿಸುತ್ತದೆ, ಇಲ್ಲವೇ ದನಿ ಮುಚ್ಚುತ್ತದೆ. ಹಳೆ ಫಾರ್ವರ್ಡ್ ಬಟನ್ನಿನ ಕೆಲಸವೇ, ಒತ್ತುವ ಕೈ ಮಾತ್ರ ಬೇರೆ. ಮನೆಯೊಳಗೆ ಹೀಗೆ ನೋಡುವುದಕ್ಕೆ 2005ರಲ್ಲಿ ಅಲ್ಲಿ ಕಾನೂನಿನ ಒಪ್ಪಿಗೆಯೂ ಸಿಕ್ಕಿತು.

ನಮ್ಮ ಮೊಬೈಲಿಗೆ ಬಂದ ಬೀಗ

ಭಾರತದಲ್ಲಿ 2021ರ ಐಟಿ ನಿಯಮಗಳು ಒಟಿಟಿ ಕಂಪನಿಗಳಿಗೆ ಐದು ವರ್ಗ ಹೇಳಿದವು: ಯು, ಯು/ಎ 7+, ಯು/ಎ 13+, ಯು/ಎ 16+, ಎ. 13+ ಮತ್ತು ಮೇಲಿನದಕ್ಕೆ ಪೋಷಕರು ಬೀಗ ಹಾಕುವ ವ್ಯವಸ್ಥೆ ಇರಲೇಬೇಕು. 2023ರ ತಿದ್ದುಪಡಿಯಿಂದ ಥಿಯೇಟರ್ ಸಿನಿಮಾಗಳಿಗೂ ಇದೇ ವಯಸ್ಸಿನ ವಿಂಗಡಣೆ ಬಂತು.

ಕಾನೂನಿನಲ್ಲಿ ಬೀಗವಿದೆ. ನಮ್ಮ ಮನೆಗಳಲ್ಲಿ ಅದು ಎಷ್ಟು ಹಿಡಿಯುತ್ತದೆ?

ಮೊದಲನೆಯದಾಗಿ, ಬೀಗ ಇರುವುದು ಒಟಿಟಿ ಆ್ಯಪಿನೊಳಗೆ. ನೆಟ್‌ವರ್ಕ್ ಸರಿಯಾಗಿ ಸಿಗದ ಕಾಡಂಚಿನ ಊರಲ್ಲಿ ಸಿನಿಮಾ ಡೌನ್‌ಲೋಡ್ ಆಗಿ ಫೋನಿನಿಂದ ಫೋನಿಗೆ ಬರುತ್ತದೆ. ಆ ಫೈಲಿಗೆ ವರ್ಗವೂ ಇಲ್ಲ, ಬೀಗವೂ ಇಲ್ಲ. ಎರಡನೆಯದಾಗಿ, ಮನೆಗೆ ಒಂದೇ ಫೋನ್ ಇದ್ದು, ಸೆಟ್ಟಿಂಗ್ ಮಾಡಿಕೊಟ್ಟವನೇ ಏಳನೇ ತರಗತಿಯ ಮಗ ಆಗಿದ್ದರೆ ಪಿನ್ ಯಾರಿಗೆ ಗೊತ್ತಿರುತ್ತದೆ ಹೇಳಿ! ಮೂರನೆಯದಾಗಿ, ದನಿ ಮುಚ್ಚುವ ಫಿಲ್ಟರುಗಳು ಬೆಳೆದದ್ದು ಇಂಗ್ಲಿಷ್ ಸಿನಿಮಾಗಳ ಮೇಲೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಕೇಳುವ ನಮ್ಮ ತಾಲೂಕುಗಳಲ್ಲಿ ಯಾವ ಮಾತು ಬೈಗುಳ, ಯಾವುದು ಸಲಿಗೆ ಎಂದು ಅವುಗಳಿಗೆ ತಿಳಿಯದು. ಒಂದು ಜಾತಿಯನ್ನು, ಒಂದು ಮೈಬಣ್ಣವನ್ನು ಹಾಸ್ಯ ಮಾಡುವ ದೃಶ್ಯಕ್ಕೆ ಯಾವ ಬೀಪೂ ಇಲ್ಲ. ಆ ದೃಶ್ಯ ನೋಡಿ ಬಂದ ತರಗತಿಯಲ್ಲಿ ಸಿದ್ದಿ ಮಗುವೊಂದು ಏನು ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ಯೋಚಿಸಿ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬೀಗ ಎಲ್ಲ ಮಕ್ಕಳಿಗೂ ಒಂದೇ ಆಗಿರುವುದಿಲ್ಲ. ಮಗನ ಫೋನಿಗೆ ಪಿನ್ ಇಲ್ಲ, ಮಗಳ ಕೈಯಿಂದ ಫೋನೇ ಮಾಯ. ಇದಕ್ಕೆ ರಕ್ಷಣೆ ಎನ್ನಲಾಗದು. ಮುಟ್ಟಿನ ಬಗ್ಗೆ, ಕೆಟ್ಟ ಸ್ಪರ್ಶದ ಬಗ್ಗೆ ತಿಳಿಸುವ ಒಳ್ಳೆಯ ಚಿತ್ರವೂ ಆಗ ಅವಳಿಗೆ ಸಿಗದೇ ಹೋಗುತ್ತದೆ.

ನೂರು ವರ್ಷದಲ್ಲಿ ಕತ್ತರಿ ಸರ್ಕಾರದಿಂದ ಗೇಟಿಗೆ, ಗೇಟಿನಿಂದ ಚಾನೆಲಿಗೆ, ಅಲ್ಲಿಂದ ಕಂಪನಿಗೆ ಹೋಗಿ ಈಗ ಮನೆಗೆ ಬಂದಿದೆ. ಸಣ್ಣ ಮಕ್ಕಳಿದ್ದರೆ ಬೇರೆ ಪ್ರೊಫೈಲ್ ಮಾಡಿ, ಪಿನ್ ನೀವೇ ಇಟ್ಟುಕೊಳ್ಳಿ. ಒಟಿಟಿಯಲ್ಲಿ ವಯಸ್ಸಿನ ಗುರುತಿನ ಪಕ್ಕ ಹಿಂಸೆ, ಮಾದಕ ವಸ್ತು, ಭಾಷೆ ಎಂದು ಒಂದು ಸಾಲು ಬರುತ್ತದೆ. ಅದನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ. 'ಇದು ನಿನಗೆ ಯಾಕೆ ಬೇಡ ಅಂದಿದ್ದಾರೆ?' ಎಂದು ಕೇಳಿ. ಪಿನ್ ಇವತ್ತಲ್ಲ ನಾಳೆ ಮಕ್ಕಳಿಗೆ ಗೊತ್ತಾಗುತ್ತದೆ. ಆ ಹೊತ್ತಿಗೆ ಅವರಿಗೆ ಕಾರಣವೂ ಗೊತ್ತಿರಬೇಕು.