ಮಂಗನ ಕಾಯಿಲೆ ಮತ್ತು ಮನೆಯ ಶುಚಿತ್ವ: ಶಿರಸಿ, ಸಿದ್ದಾಪುರ, ಯಲ್ಲಾಪುರ

ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್‌.ಡಿ.) ಉಣುಗಿನಿಂದ ಹರಡುವ ವೈರಸ್ ಜ್ವರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಹಳದಿ ಜ್ವರದ ಶಂಕೆ ಮೂಡಿತ್ತು. ಇದು ಹೊಸ ವೈರಸ್ ಎಂಬುದನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರ ಖಚಿತಪಡಿಸಿತು. ಮುಂದೆ ರೋಗ ಉತ್ತರ ಕನ್ನಡಕ್ಕೂ ದಾಟಿತು. ಅಲ್ಲಿನ ಸಿದ್ದಾಪುರಕ್ಕೆ ಸೊರಬ, ಸಾಗರಗಳೆರಡೂ ನೆರೆಯ ತಾಲ್ಲೂಕುಗಳು.

ಬಹುತೇಕ ಬರಹಗಳು ಇದನ್ನು ಕಾಡಿಗೆ ಹೋದವರ ಕಾಯಿಲೆಯೆಂದು ಹೇಳಿ ಮುಗಿಸುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಸೀಮೆಯ ಮಟ್ಟಿಗೆ ಇದು ಅರೆಬರೆ ವಿವರಣೆ. ಬ್ರಿಟಿಷರ ಕಾಲದಿಂದ ತೋಟಿಗರಿಗೆ ಸವಲತ್ತಾಗಿ ಬಂದ ಸೊಪ್ಪಿನ ಬೆಟ್ಟದಿಂದ ದರಕನ್ನು (ಒಣ ಎಲೆ) ಗುಡಿಸಿ, ಹೆಡಿಗೆಗೆ ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುವುದು ಇಲ್ಲಿನ ವಾಡಿಕೆ. ಎಲೆ ಉದುರುವ ಈ ಬೇಸಗೆಯ ತಿಂಗಳುಗಳಲ್ಲೇ ಎಳ್ಳುಕಾಳಿನಷ್ಟಿರುವ ಮರಿ ಉಣುಗುಗಳ ಕಾಟವೂ ಹೆಚ್ಚು; ದರಕಿನ ಜೊತೆ ಅವೂ ಮನೆಗೆ ಬರಬಹುದು. ಬೆಳೆದ ಉಣುಗು ದನಗಳ ರಕ್ತ ಹೀರುತ್ತದೆ. ಮನುಷ್ಯರಿಗೆ ರೋಗ ದಾಟಿಸುವುದು ಹೆಚ್ಚಾಗಿ ಮರಿ ಉಣುಗು. ರೋಗಿಯಿಂದ ಮನೆಯವರಿಗೆ ಅಂಟುವುದಿಲ್ಲ, ಹಾಗಾಗಿ ರೋಗಿಯ ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ.

ತೋಟಿಗರ ಮನೆಗಳಲ್ಲಿ ಶುಚಿತ್ವದ ಕಟ್ಟಳೆಗಳಿಗೇನೂ ಕೊರತೆಯಿಲ್ಲ. ಆದರೆ ಮಡಿಯ ಸ್ನಾನ ಬೆಳಗಿನದು, ಅಡುಗೆ ಮತ್ತು ಪೂಜೆಗೆ ಮುಂಚಿನದು. ಉಣುಗಿನ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಬೆಟ್ಟದಿಂದ ಬಂದ ಮೇಲಿನ ಸ್ನಾನ. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೈ ತೊಳೆಯಬೇಕು, ಉಟ್ಟ ಬಟ್ಟೆಯನ್ನು ಒಳಗೆ ನೇತುಹಾಕದೆ ಬಿಸಿನೀರಿಗೆ ಹಾಕಬೇಕು. ಉಣುಗು ಹತ್ತದಂತೆ ಬೆಟ್ಟಕ್ಕೆ ಹೊರಡುವ ಮುನ್ನ ಕೈಕಾಲಿಗೆ ಹಚ್ಚಲು ಆರೋಗ್ಯ ಇಲಾಖೆ ಮೊದಲು ಡಿಎಂಪಿ ತೈಲ ಕೊಡುತ್ತಿತ್ತು, ಈಗ ಡೇಪಾ ತೈಲ ಹಂಚುತ್ತದೆ. ದರಕು ತರಬೇಡಿ ಎಂಬ ಸಲಹೆಯೂ ಇದೆ. ಗೊಬ್ಬರಕ್ಕೆ ಅದನ್ನೇ ನೆಚ್ಚಿದ ತೋಟಿಗರಿಗೆ ಇದು ಹೇಳಿದಷ್ಟು ಸಲೀಸಲ್ಲ.

ಈ ರೋಗಕ್ಕೆ ಹಾಕುತ್ತಿದ್ದ ಲಸಿಕೆಯ ಕುರಿತ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ. 1990–92ರ ಅಧ್ಯಯನ ಎರಡು ಡೋಸಿನಿಂದ ಶೇ 93.5 ರಕ್ಷಣೆ ಎಂದಿತು. 2005–10ರ ಅವಧಿಯ ಅಧ್ಯಯನದಲ್ಲಿ ಅದು ಶೇ 62.4ಕ್ಕೆ ಇಳಿದಿತ್ತು. ಬೂಸ್ಟರ್ ಪಡೆದವರಲ್ಲಿ ಮಾತ್ರ ಶೇ 82.9. ಪರಿಣಾಮ ಸಾಲದೆಂದು 2022ರಲ್ಲಿ ಬಳಕೆ ನಿಂತಿತು. 2024ರ ಹಂಗಾಮಿನಲ್ಲಿ ಸಿದ್ದಾಪುರದ ಕೊರ್ಲಕೈ ಸುತ್ತಮುತ್ತ ರೋಗ ಕಾಣಿಸಿಕೊಂಡಾಗ ಕೈಯಲ್ಲಿದ್ದುದು ತೈಲ, ಬಿಸಿನೀರು ಮತ್ತು ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಿ ಎಂಬ ಸೂಚನೆ ಮಾತ್ರ.