ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುವ ಭಯ: ನಿರ್ವಹಣೆ ಹಾಗೂ ಲಭ್ಯವಿರುವ ಸೇವೆಗಳು

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಪಡೆದು ಮನೆಗೆ ಮರಳಿದ ಮಹಿಳೆಯರಲ್ಲಿ ಬಹುತೇಕರಿಗೆ ಕಾಯಿಲೆ ಮತ್ತೆ ಬಂದೀತೇ ಎಂಬ ಆತಂಕ ಒಂದಲ್ಲ ಒಂದು ಹಂತದಲ್ಲಿ ಉಂಟಾಗುತ್ತದೆ. ಇದು ಮನೋದೌರ್ಬಲ್ಯವಲ್ಲ, ಧೈರ್ಯದ ಕೊರತೆಯೂ ಅಲ್ಲ. ಗಂಭೀರ ಕಾಯಿಲೆಯನ್ನು ಎದುರಿಸಿದ ಮನಸ್ಸಿನ ಸಹಜ ಪ್ರತಿಕ್ರಿಯೆಯಾಗಿರುತ್ತದೆ. ಮಿತಿಯಲ್ಲಿರುವ ಆತಂಕವು ತಪಾಸಣೆಯನ್ನು ಮರೆಯದಂತೆ ಎಚ್ಚರಿಸುತ್ತದೆ.

ಆತಂಕವು ಮಿತಿ ಮೀರಿದಾಗ ಎರಡು ಬಗೆಯ ನಷ್ಟ ಸಂಭವಿಸುತ್ತದೆ. ಕೆಲವರು ಏನು ಹೇಳುವರೋ ಎಂಬ ಭಯದಿಂದ ತಪಾಸಣೆಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಸಣ್ಣ ನೋವಿಗೂ ಸಾಲ ಮಾಡಿ ದೂರದ ನಗರಗಳಲ್ಲಿ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಮೊದಲನೆಯವರು ಸಕಾಲದ ಚಿಕಿತ್ಸೆಯನ್ನು ಕಳೆದುಕೊಂಡರೆ ಎರಡನೆಯವರು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾರೆ. ಈ ಎರಡನ್ನೂ ತಪ್ಪಿಸುವ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ಭಯ ಹೆಚ್ಚಾಗುವ ಸಂದರ್ಭಗಳು

ಮರುಕಳಿಸುವ ಭಯವು ಸದಾ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಈ ಕೆಳಗಿನ ಸಂದರ್ಭಗಳಲ್ಲಿ ಅದು ಹೆಚ್ಚಾಗುತ್ತದೆ:

ಅ) ತಪಾಸಣೆಯ ದಿನಾಂಕ ಸಮೀಪಿಸಿದಾಗ ಮತ್ತು ವರದಿಗಾಗಿ ಕಾಯುವ ದಿನಗಳಲ್ಲಿ.
ಆ) ಪರಿಚಿತರಿಗೆ ಅಥವಾ ಬಂಧುಗಳಿಗೆ ಕ್ಯಾನ್ಸರ್ ಇರುವ ಸುದ್ದಿ ಕೇಳಿದಾಗ.
ಇ) ಶಸ್ತ್ರಚಿಕಿತ್ಸೆಯಾದ ದಿನ ಪ್ರತಿ ವರ್ಷ ಮರಳಿ ಬಂದಾಗ.
ಈ) ಕೀಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆ ಮುಗಿದ ಮೊದಲ ತಿಂಗಳುಗಳಲ್ಲಿ. ಅಲ್ಲಿಯವರೆಗೆ ಆಗಾಗ್ಗೆ ದೊರೆಯುತ್ತಿದ್ದ ವೈದ್ಯರ ಭೇಟಿ ಕಡಿಮೆಯಾಗುವುದರಿಂದ ರಕ್ಷಣೆ ತಪ್ಪಿದಂತೆ ಭಾಸವಾಗುತ್ತದೆ.

ಈ ಸಂದರ್ಭಗಳನ್ನು ಮೊದಲೇ ಗುರುತಿಸಿಕೊಂಡಲ್ಲಿ ಭಯವು ಅನಿರೀಕ್ಷಿತವಾಗಿ ಆವರಿಸುವುದಿಲ್ಲ.

3. ಶಸ್ತ್ರಚಿಕಿತ್ಸೆಯ ಪರಿಣಾಮವಾಗಿ ಉಂಟಾಗುವ ತೊಂದರೆಗಳು

ಪ್ರತಿ ನೋವೂ ಕ್ಯಾನ್ಸರ್‌ನ ಲಕ್ಷಣವಲ್ಲ. ಗಾಯದ ಜಾಗದಲ್ಲಿ ಆಗಾಗ ಚುಚ್ಚಿದಂತಾಗುವುದು, ಎದೆಯ ಚರ್ಮ ಬಿಗಿದಂತಾಗುವುದು, ಕಂಕುಳು ಹಾಗೂ ತೋಳಿನ ಒಳಭಾಗ ಮರಗಟ್ಟುವುದು, ಭುಜ ಬಿಗಿಯಾಗುವುದು ಶಸ್ತ್ರಚಿಕಿತ್ಸೆಯ ಪರಿಣಾಮಗಳಾಗಿರುತ್ತವೆ. ಕಂಕುಳಿನಲ್ಲಿ ಹಾಯ್ದುಹೋಗುವ ಸಣ್ಣ ನರಕ್ಕೆ ಪೆಟ್ಟಾಗುವುದರಿಂದ ಮರಗಟ್ಟುವಿಕೆಯು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಬಹುದು.

ಕಂಕುಳಿನ ಗ್ರಂಥಿಗಳನ್ನು ತೆಗೆದವರಿಗೆ ಆ ಬದಿಯ ಕೈ ಬಾವು ಬರುವ ಸಾಧ್ಯತೆ ಇರುತ್ತದೆ. ಇದು ಹೆಚ್ಚಾಗಿ ದುಗ್ಧರಸದ ಹರಿವು ತಡೆಯಾಗುವುದರಿಂದ ಬರುವಂಥದ್ದು. ಆದರೂ ಹೊಸದಾಗಿ ಬಂದ ಬಾವನ್ನು ವೈದ್ಯರಿಗೆ ತೋರಿಸತಕ್ಕದ್ದು. ಭತ್ತದ ನಾಟಿ, ಕಳೆ ಕೀಳುವುದು, ಹತ್ತಿ ಬಿಡಿಸುವುದು ಮುಂತಾದ ಕೆಲಸಗಳಲ್ಲಿ ಆ ಕೈಗೆ ಗಾಯವಾಗದಂತೆ ಕೈಗವಸು ಧರಿಸುವುದು ಒಳಿತು. ಗಾಯವಾಗಿ ಕೈ ಕೆಂಪಗಾಗಿ ಜ್ವರ ಬಂದಲ್ಲಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆ ಕೈಯಿಂದ ಇನ್ನು ಯಾವ ಭಾರವನ್ನೂ ಎತ್ತಬಾರದೆಂಬ ಹಳೆಯ ಸಲಹೆ ಈಗ ಬದಲಾಗಿದೆ. ತೂಕವನ್ನು ಕ್ರಮೇಣ ಹೆಚ್ಚಿಸುತ್ತಾ ಮಾಡುವ ವ್ಯಾಯಾಮದಿಂದ ಬಾವು ಹೆಚ್ಚಾಗುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದೆ. ಎಷ್ಟು ಭಾರ ಎತ್ತಬಹುದೆಂಬುದನ್ನು ವೈದ್ಯರಲ್ಲಿ ಕೇಳಿ ಆರಂಭಿಸತಕ್ಕದ್ದು.

4. ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

ಅ) ಗಾಯದ ಸುತ್ತ, ಉಳಿದ ಸ್ತನದಲ್ಲಿ, ಕಂಕುಳಿನಲ್ಲಿ ಅಥವಾ ಕೊರಳ ಎಲುಬಿನ ಮೇಲ್ಭಾಗದಲ್ಲಿ ಹೊಸ ಗಂಟು.
ಆ) ಎದೆಯ ಚರ್ಮದ ಮೇಲೆ ಗುಳ್ಳೆ, ಕೆಂಪು ಅಥವಾ ಮಾಯದ ಹುಣ್ಣು, ಮೊಲೆತೊಟ್ಟಿನಿಂದ ರಕ್ತ ಸೋರುವುದು.
ಇ) ಎರಡು ವಾರ ಕಳೆದರೂ ಕಡಿಮೆಯಾಗದ, ದಿನೇದಿನೇ ಹೆಚ್ಚುವ ಮೂಳೆ ನೋವು ಅಥವಾ ಬೆನ್ನು ನೋವು, ವಿಶೇಷವಾಗಿ ರಾತ್ರಿ ವೇಳೆ.
ಈ) ವಾಸಿಯಾಗದ ಒಣ ಕೆಮ್ಮು, ಉಸಿರಾಟದ ತೊಂದರೆ.
ಉ) ಕಾರಣವಿಲ್ಲದೆ ತೂಕ ಇಳಿಯುವುದು, ಕಾಮಾಲೆ, ಹೊಟ್ಟೆ ಉಬ್ಬುವುದು.
ಊ) ಬಿಡದ ತಲೆನೋವು, ಮೂರ್ಛೆ, ಕೈಕಾಲು ಬಲಹೀನವಾಗುವುದು.

ಮೂರ್ಛೆ, ತೀವ್ರ ಉಸಿರಾಟದ ತೊಂದರೆ ಅಥವಾ ಕಾಲುಗಳ ಸ್ವಾಧೀನ ತಪ್ಪುವುದು ಕಂಡುಬಂದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು. ಹೊಸ ಗಂಟು ಕಂಡಲ್ಲಿ ಕಾಯದೆ ತೋರಿಸಬೇಕು. ಸಾಮಾನ್ಯ ಮೈಕೈ ನೋವಾದಲ್ಲಿ ದಿನಾಂಕ ಬರೆದಿಟ್ಟು ಎರಡು ವಾರ ಗಮನಿಸಿ, ಉಳಿದಿದ್ದರೆ ತೋರಿಸುವುದು. ಈ ನಿಯಮ ಪಾಲಿಸಿದಲ್ಲಿ ಪ್ರತಿ ನೋವಿಗೂ ಗಾಬರಿಪಡುವ ಅಗತ್ಯ ಬೀಳುವುದಿಲ್ಲ, ನಿಜವಾದ ಲಕ್ಷಣವೂ ಕಣ್ತಪ್ಪುವುದಿಲ್ಲ.

5. ತಪಾಸಣೆಯ ವೇಳಾಪಟ್ಟಿ

ಸಾಮಾನ್ಯವಾಗಿ ಮೊದಲ 3 ವರ್ಷಗಳಲ್ಲಿ 3ರಿಂದ 6 ತಿಂಗಳಿಗೊಮ್ಮೆ, 4 ಮತ್ತು 5ನೇ ವರ್ಷಗಳಲ್ಲಿ 6ರಿಂದ 12 ತಿಂಗಳಿಗೊಮ್ಮೆ, ತದನಂತರ ವರ್ಷಕ್ಕೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಉಳಿದ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೋಗ್ರಫಿ ಅಗತ್ಯ.

ಯಾವ ಲಕ್ಷಣವೂ ಇಲ್ಲದವರಿಗೆ ಪದೇಪದೇ ಮೂಳೆ ಸ್ಕ್ಯಾನ್, ಸಿಟಿ, ಪೆಟ್ ಸ್ಕ್ಯಾನ್ ಅಥವಾ ರಕ್ತದ ಟ್ಯೂಮರ್ ಮಾರ್ಕರ್ ಪರೀಕ್ಷೆ ಮಾಡಿಸುವ ಅಗತ್ಯವಿರುವುದಿಲ್ಲ. ಇಟಲಿಯಲ್ಲಿ ನಡೆದು 1994ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಹೆಚ್ಚುವರಿ ಪರೀಕ್ಷೆ ಮಾಡಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದು ಕಂಡುಬರಲಿಲ್ಲ. ಆದುದರಿಂದ ವೈದ್ಯರು ಸ್ಕ್ಯಾನ್ ಬರೆದುಕೊಡದಿದ್ದಲ್ಲಿ ಅದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು.

6. ಮಾತ್ರೆ ನಿಲ್ಲಿಸಬಾರದು

ಹಾರ್ಮೋನ್ ಗ್ರಾಹಕ ಇರುವ ಕ್ಯಾನ್ಸರ್‌ಗೆ ಟೆಮಾಕ್ಸಿಫೆನ್ ಅಥವಾ ಲೆಟ್ರೊಜೋಲ್‌ನಂತಹ ಮಾತ್ರೆಯನ್ನು ಕನಿಷ್ಠ 5 ವರ್ಷ, ಕೆಲವರಿಗೆ 10 ವರ್ಷದವರೆಗೆ ನೀಡಲಾಗುತ್ತದೆ. ಈ ಬಗೆಯ ಕ್ಯಾನ್ಸರ್ 5 ವರ್ಷಗಳ ನಂತರವೂ ಮರುಕಳಿಸಬಹುದಾದ್ದರಿಂದ, ಭಯಕ್ಕೆ ಪ್ರತಿಯಾಗಿ ಮಹಿಳೆಯು ತನ್ನ ಕೈಯಾರೆ ಮಾಡಬಹುದಾದ ಅತಿ ಮುಖ್ಯ ಕಾರ್ಯವೆಂದರೆ ಮಾತ್ರೆಯನ್ನು ತಪ್ಪದೆ ಸೇವಿಸುವುದು. ಮೈ ಬಿಸಿಯಾಗುವುದು, ಕೀಲು ನೋವು ಮುಂತಾದ ತೊಂದರೆಗಳಿದ್ದಲ್ಲಿ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡಲ್ಲಿ ಕೂಡಲೇ ತಿಳಿಸತಕ್ಕದ್ದು.

7. ಭಯವನ್ನು ನಿರ್ವಹಿಸುವ ಕ್ರಮಗಳು

ಅ) ಭಯವನ್ನು ಒತ್ತಿಹಿಡಿಯಲು ಯತ್ನಿಸಿದಷ್ಟೂ ಅದು ಹೆಚ್ಚುತ್ತದೆ. ದಿನದಲ್ಲಿ 20 ನಿಮಿಷವನ್ನು ಇದಕ್ಕೆಂದೇ ಗೊತ್ತುಮಾಡಿ, ಮನಸ್ಸಿನಲ್ಲಿರುವುದನ್ನು ಬರೆಯುವುದು ಅಥವಾ ಆಪ್ತರೊಡನೆ ಹೇಳಿಕೊಳ್ಳುವುದು. ಉಳಿದ ವೇಳೆಯಲ್ಲಿ ಯೋಚನೆ ಬಂದಾಗ ಅದನ್ನು ಆ ಸಮಯಕ್ಕೆ ಮುಂದೂಡುವುದು.
ಆ) ದಿನಕ್ಕೆ ಹಲವು ಬಾರಿ ಎದೆಯನ್ನು ಮುಟ್ಟಿ ನೋಡಿಕೊಳ್ಳುವ ಅಭ್ಯಾಸವು ಭಯವನ್ನು ಪೋಷಿಸುತ್ತದೆ. ತಿಂಗಳಿಗೊಮ್ಮೆ ನಿಗದಿತ ದಿನ ಪರೀಕ್ಷಿಸಿಕೊಂಡರೆ ಸಾಕು.
ಇ) ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದು ತಪಾಸಣೆಗೆ ಒಯ್ಯುವುದು, ಉತ್ತರವನ್ನೂ ಅದರಲ್ಲಿಯೇ ಬರೆದುಕೊಳ್ಳುವುದು.
ಈ) ಪ್ರತಿದಿನ ಅರ್ಧ ಗಂಟೆ ನಡಿಗೆ, ಭುಜದ ವ್ಯಾಯಾಮ ಮತ್ತು ನಿಧಾನ ಉಸಿರಾಟದ ಅಭ್ಯಾಸ.
ಉ) ಬಿಟ್ಟುಹೋದ ಕೆಲಸ, ಸ್ವಸಹಾಯ ಸಂಘದ ಸಭೆ, ಜಾತ್ರೆ, ಮದುವೆಗಳಿಗೆ ಕ್ರಮೇಣ ಮರಳುವುದು.

ಆಪ್ತಸಮಾಲೋಚನೆಯಿಂದ ಈ ಭಯವನ್ನು ತಗ್ಗಿಸಬಹುದೆಂದು ಆಸ್ಟ್ರೇಲಿಯಾ ಮತ್ತು ನೆದರ್‌ಲ್ಯಾಂಡ್ಸ್ ದೇಶಗಳ, 2017ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ದೃಢಪಟ್ಟಿದೆ. ನಿದ್ರಾಹೀನತೆ, ಊಟ ಸೇರದಿರುವುದು, ಸದಾ ಅಳು ಅಥವಾ ನಿರಾಸಕ್ತಿ ಎರಡು ವಾರ ಮೀರಿ ಉಳಿದಲ್ಲಿ ನೆರವು ಪಡೆಯಲು ಹಿಂಜರಿಯಬಾರದು. ಜೀವ ಕಳೆದುಕೊಳ್ಳುವ ಆಲೋಚನೆ ಬಂದಲ್ಲಿ ಒಂದು ದಿನವೂ ಕಾಯಬಾರದು.

8. ಕುಟುಂಬದವರ ಗಮನಕ್ಕೆ

"ಎಲ್ಲಾ ವಾಸಿಯಾಗಿದೆ, ಅದರ ಮಾತೇ ಬೇಡ" ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತಿನಿಂದ ಮಹಿಳೆಯು ತನ್ನ ಭಯವನ್ನು ಒಬ್ಬಳೇ ಹೊರಬೇಕಾಗುತ್ತದೆ. ಉಪದೇಶ ನೀಡದೆ ಕೇಳಿಸಿಕೊಳ್ಳುವುದು, ತಪಾಸಣೆಯ ದಿನ ಜೊತೆಯಲ್ಲಿ ಹೋಗುವುದು ಹೆಚ್ಚು ಉಪಕಾರಿ. ಕ್ಯಾನ್ಸರ್ ಅಂಟುರೋಗವಲ್ಲ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಮಕ್ಕಳನ್ನು ಎತ್ತಿಕೊಳ್ಳುವುದರಿಂದ ಹರಡುವುದಿಲ್ಲ. ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಶೇ. 5ರಿಂದ 10ರಷ್ಟು ಮಾತ್ರ ಅನುವಂಶೀಯವಾಗಿರುತ್ತವೆ. ಹೆಣ್ಣುಮಕ್ಕಳ ಬಗ್ಗೆ ಚಿಂತೆ ಇರುವವರು ವೈದ್ಯರಲ್ಲಿ ಈ ಕುರಿತು ವಿಚಾರಿಸಬಹುದು.

9. ಸೇವೆಗಳು ದೊರೆಯುವ ಸ್ಥಳಗಳು

ಮಾನಸಿಕ ಆರೋಗ್ಯ ಸೇವೆಯನ್ನು ತಾಲ್ಲೂಕು ಮಟ್ಟಕ್ಕೆ ತಲುಪಿಸುವ ಪ್ರಯೋಗವನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ಕೈಗೊಂಡಿತ್ತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಅ) ಸಿಂಧನೂರು ಮತ್ತು ಲಿಂಗಸುಗೂರು ತಾಲ್ಲೂಕು ಆಸ್ಪತ್ರೆಗಳು ಹಾಗೂ ಮಸ್ಕಿಯ ಸರ್ಕಾರಿ ಆಸ್ಪತ್ರೆ: ಪ್ರಾಥಮಿಕ ಪರೀಕ್ಷೆ, ಮೇಲಿನ ಆಸ್ಪತ್ರೆಗೆ ಶಿಫಾರಸು ಪತ್ರ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರಗಳಂದು ಭೇಟಿ ನೀಡುವ ವ್ಯವಸ್ಥೆ ಇದ್ದು, ದಿನಾಂಕವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು.
ಆ) ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ರಿಮ್ಸ್), ರಾಯಚೂರು.
ಇ) ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಬೆಂಗಳೂರು ಮತ್ತು ಅದರ ಕಲಬುರಗಿ ಕೇಂದ್ರ.
ಈ) ಟೆಲಿ-ಮನಸ್ ದೂರವಾಣಿ 14416: ಅಕ್ಟೋಬರ್ 2022ರಲ್ಲಿ ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಉಚಿತ. ಕನ್ನಡವಲ್ಲದೆ ಇತರ ಭಾರತೀಯ ಭಾಷೆಗಳಲ್ಲಿಯೂ ಲಭ್ಯವಿರುವುದರಿಂದ, ಕ್ಯಾಂಪುಗಳಲ್ಲಿ ನೆಲೆಸಿರುವ ತೆಲುಗು ಮತ್ತು ಬಂಗಾಳಿ ಭಾಷಿಕ ಕುಟುಂಬಗಳೂ ಬಳಸಿಕೊಳ್ಳಬಹುದು.

ಮನೋವೈದ್ಯರನ್ನು ಕಾಣುವವರು ಟೆಮಾಕ್ಸಿಫೆನ್ ಸೇವಿಸುತ್ತಿರುವುದನ್ನು ತಪ್ಪದೆ ತಿಳಿಸಬೇಕು. ಖಿನ್ನತೆಗೆ ನೀಡುವ ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್ ಔಷಧಿಗಳು ಅದರ ಪರಿಣಾಮವನ್ನು ತಗ್ಗಿಸಬಲ್ಲವು. ಬದಲಿ ಔಷಧಿಗಳು ಲಭ್ಯವಿವೆ.

10. ವೆಚ್ಚ ಮತ್ತು ಪ್ರಯಾಣ

ಅ) ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದ್ದು, ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಒಯ್ಯತಕ್ಕದ್ದು.
ಆ) ಶಕ್ತಿ ಯೋಜನೆ: ಜೂನ್ 2023ರಿಂದ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ. ವಿಳಾಸವಿರುವ ಗುರುತಿನ ಚೀಟಿ ಅಗತ್ಯ.
ಇ) ರೈಲ್ವೆ ರಿಯಾಯಿತಿ: ಚಿಕಿತ್ಸೆ ಅಥವಾ ನಿಯತ ತಪಾಸಣೆಗೆ ತೆರಳುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಶೇ. 100, ಜೊತೆಗಾರರಿಗೆ ಶೇ. 75 ರಿಯಾಯಿತಿ. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಪಡೆದು ಟಿಕೆಟ್ ಕೌಂಟರ್‌ನಲ್ಲಿ ಹಾಜರುಪಡಿಸಬೇಕು. ಸಿಂಧನೂರಿಗೆ 2024ರಲ್ಲಿ ರೈಲು ಸಂಪರ್ಕ ದೊರೆತಿದೆ.

11. ಜೋಪಾನವಾಗಿಡಬೇಕಾದ ದಾಖಲೆಗಳು

ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ನಂತರದ ಹಿಸ್ಟೊಪೆಥಾಲಜಿ ವರದಿ, ಹಾರ್ಮೋನ್ ಗ್ರಾಹಕ ಮತ್ತು ಹರ್-2 ವರದಿ, ಬಿಡುಗಡೆ ಸಾರಾಂಶ, ಕೀಮೋ ಮತ್ತು ವಿಕಿರಣ ಚಿಕಿತ್ಸೆಯ ವಿವರ, ಹಿಂದಿನ ಮ್ಯಾಮೋಗ್ರಫಿ ಫಿಲ್ಮು. ಇವುಗಳನ್ನು ಒಂದೇ ಕಡತದಲ್ಲಿ ದಿನಾಂಕವಾರು ಜೋಡಿಸಿ, ಒಂದು ಜೊತೆ ಜೆರಾಕ್ಸ್ ಪ್ರತಿಯನ್ನು ಮನೆಯಲ್ಲಿ ಇರಿಸಿಕೊಳ್ಳುವುದು. ಹಿಂದಿನ ವರದಿ ಕೈಯಲ್ಲಿದ್ದಾಗ ಹೊಸ ಬದಲಾವಣೆಯನ್ನು ಹೋಲಿಸಿ ನೋಡಲು ವೈದ್ಯರಿಗೆ ಅನುಕೂಲವಾಗುತ್ತದೆ. ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸುವ ವೆಚ್ಚವೂ ಉಳಿಯುತ್ತದೆ.

ಹೆಚ್ಚಿನ ಮಾಹಿತಿಗಾಗಿ ಗ್ರಾಮದ ಆಶಾ ಕಾರ್ಯಕರ್ತೆಯರನ್ನು, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದಾಗಿದೆ. ಮುಂದಿನ ತಪಾಸಣೆಯ ದಿನಾಂಕ ತಪ್ಪಿಹೋಗಿದ್ದಲ್ಲಿ, ಎಷ್ಟೇ ತಿಂಗಳಾಗಿದ್ದರೂ ಸಂಕೋಚಪಡದೆ ತಾಲ್ಲೂಕು ಆಸ್ಪತ್ರೆಗೆ ಬಂದು ತಪಾಸಣೆಯನ್ನು ಪುನಃ ಆರಂಭಿಸಲು ಈ ಮೂಲಕ ಕೋರಲಾಗಿದೆ.